ಬ್ರೆಡ್ಡಿನ ಸಾಸು

ಸ್ಮರಣ ಸಂಚಿಕೆಯ ಕೆಲಸ ನೋಡಿಕೊಳ್ಳುವ ಹತ್ತನೆಯ ತರಗತಿಯ ಹುಡುಗಿಯರು ಹೋದ ತಿಂಗಳು ನಮ್ಮ ಕೊಠಡಿಯ ಬಾಗಿಲಲ್ಲಿ ಒಬ್ಬರನ್ನೊಬ್ಬರು ನೂಕುತ್ತಾ ಬಹಳ ಹೊತ್ತು ನಿಂತಿದ್ದರು. ಕೊನೆಗೆ ಅವರಲ್ಲಿ ಧೈರ್ಯವಂತೆಯಾದ ಒಬ್ಬಳು ಮುಂದೆ ಬಂದು, "ದೊಡ್ಡ ಟೀಚರ್, ಈ ಸಾರಿ ತಾವು ಸಮಯಪಾಲನೆಯ ವಿಷಯ ಬಿಟ್ಟು ಬೇರೆ ಏನಾದರೂ ಬರೆದುಕೊಡಬೇಕು" ಎಂದಳು. ಹಿಂದಿನ ಸಂಚಿಕೆಯಲ್ಲಿ ಸಮಯಪಾಲನೆಯನ್ನೂ ಅದರ ಹಿಂದಿನದರಲ್ಲಿ ಶಿಸ್ತನ್ನೂ ಕುರಿತು ಬರೆದಿದ್ದೆವೆಂಬದು ಆಗ ನಮ್ಮ ನೆನಪಿಗೆ ಬಂತು. ಹಾಗಾದರೆ ಯಾವದರ ವಿಷಯವಾಗಿ ಬರೆಯೋಣವೆಂದು ಕೇಳಲು, "ತಾವು ಇಂಗ್ಲೆಂಡಿಗೆ ಹೋಗಿದ್ದಿರಲ್ಲಾ, ಅಲ್ಲಿ ಏನು ಕಲಿತಿರಿ?" ಎಂದು ಕೇಳಿದರು. ಪಾಠಕ್ರಮ, ಪ್ರಯೋಗಶಾಲೆ ಮುಂತಾದ ಅನೇಕ ಉತ್ತರಗಳು ನಾಲಿಗೆಯ ತುದಿಗೆ ಬಂದವು. ಆದರೆ ನಿಜವನ್ನು ಹೇಳುವದಾದರೆ, ಅಲ್ಲಿ ನಾವು ಮರೆಯಲಾರದಂತೆ ಕಲಿತದ್ದು ಒಂದು ಸಾಸು ಮಾಡುವದನ್ನು. ಆದಕಾರಣ ಅದನ್ನೇ ಬರೆಯುತ್ತೇವೆ.

ತಲೆಬರಹದ ವಿಷಯವಾಗಿ ಒಂದು ಮಾತು. ನಮ್ಮ ಸತ್ಯವೇದದ ಕನ್ನಡದಲ್ಲಿ ಬ್ರೆಡ್ಡಿಗೆ ರೊಟ್ಟಿಯೆಂದೇ ಹೆಸರಿದೆ. ಆದರೂ 'ರೊಟ್ಟಿಯ ಸಾಸು' ಎಂದು ಬರೆದರೆ ವಿಜಯಪುರದ ಕಡೆಯಿಂದ ಬಂದಿರುವ ನಮ್ಮ ಬೋರ್ಡಿಂಗಿನ ಹುಡುಗಿಯರು ಜೋಳದ ರೊಟ್ಟಿಯನ್ನು ಹಾಲಿಗೆ ಹಾಕಿ ಕುದಿಸಿಯಾರೆಂಬ ಭಯದಿಂದ ಬ್ರೆಡ್ಡು ಎಂದೇ ಬರೆದಿದ್ದೇವೆ.

2010ನೆಯ ಇಸವಿಯ ಸಪ್ಟೆಂಬರಿನಲ್ಲಿ, ಶಿಕ್ಷಕಿಯರನ್ನು ಒಂದು ವರ್ಷದ ಮಟ್ಟಿಗೆ ಅತ್ತಿಂದಿತ್ತ ಕಳುಹಿಸುವ ಒಂದು ಏರ್ಪಾಡಿನ ಮೇರೆಗೆ ನಾವು ಇಂಗ್ಲೆಂಡಿನ ಉತ್ತರಭಾಗದ ಒಂದು ಸಣ್ಣ ಪಟ್ಟಣಕ್ಕೆ ಹೋದೆವು. ನಮ್ಮನ್ನು ಇಟ್ಟುಕೊಂಡವರು ಎಪ್ಪತ್ತೊಂಬತ್ತು ವರ್ಷ ಪ್ರಾಯದ ಒಬ್ಬ ನಿವೃತ್ತ ಶಿಕ್ಷಕಿ. ಅವರ ಯಜಮಾನರು ಅದೇ ವರ್ಷದ ವಸಂತಕಾಲದಲ್ಲಿ ತೀರಿಹೋಗಿದ್ದರು. ತಮ್ಮನ್ನು ಹೆಸರಿನಿಂದಲೇ ಕರೆಯಬೇಕೆಂದು ಅವರು ಮೊದಲನೆಯ ದಿವಸವೇ ಹೇಳಿದರು. ಅಷ್ಟು ದೊಡ್ಡವರನ್ನು ಹೆಸರು ಹಿಡಿದು ಕರೆಯಲು ನಮ್ಮ ನಾಲಿಗೆ ಏಳದೆ ಹೋದದರಿಂದ ಟೀಚರ್ ಎಂದು ಕರೆದೆವು. ಅವರು ನಕ್ಕು ಒಪ್ಪಿಕೊಂಡರು.

ಆ ದೇಶದಲ್ಲಿ ಭಾನುವಾರದ ಮಧ್ಯಾಹ್ನದ ಊಟವೆಂದರೆ ಒಲೆಯ ಗೂಡಿನಲ್ಲಿಟ್ಟು ಸುಟ್ಟ ಮಾಂಸ, ಅದೇ ಕೊಬ್ಬಿನಲ್ಲಿ ಹುರಿದ ಉರುಳುಗಡ್ಡೆ, ಬೇಯಿಸಿದ ಕಾಯಿಪಲ್ಯ, ಮಾಂಸದಿಂದಿಳಿದ ರಸದಿಂದ ಮಾಡಿದ ಕಂದುಬಣ್ಣದ ಗ್ರೇವಿ. ದನದ ಮಾಂಸಕ್ಕೆ ಕುದುರೆಮೂಲಂಗಿಯೆಂಬ ಖಾರದ ಬೇರಿನ ಸಾಸು, ಕುರಿಗೆ ಪುದೀನದ ಸಾಸು, ಹಂದಿಗೆ ಸೇಬಿನದು ಎಂದು ಒಂದೊಂದಕ್ಕೂ ಒಂದೊಂದು ಜೊತೆ ಉಂಟು. ಕೋಳಿ, ಟರ್ಕಿ, ಫೆಸೆಂಟ್, ಕವುಜುಗ ಮುಂತಾದ ಹಕ್ಕಿಗಳಿಗೆ ಜೊತೆಯಾದದ್ದೇ ಬ್ರೆಡ್ಡಿನ ಸಾಸು. ಅಕ್ಟೋಬರಿನಲ್ಲಿ ಒಂದು ಭಾನುವಾರ ಅದನ್ನು ಮೊದಲು ಕಂಡೆವು. ಬಿಳುಪಾಗಿ, ಮಂದವಾಗಿ, ಸದ್ದಿಲ್ಲದೆ ಒಂದು ಪಿಂಗಾಣಿಯ ಬಟ್ಟಲಲ್ಲಿ ಕೂತಿತ್ತು. ತಿಂದು ನೋಡಿ, "ಬಹಳ ಚೆನ್ನಾಗಿದೆ" ಎಂದು ಹೇಳಿದೆವು. ಆ ರಾತ್ರಿ ನಮ್ಮ ತಾಯಿಗೆ ಬರೆದ ಪತ್ರದಲ್ಲಿ, "ಇಲ್ಲಿ ಜ್ವರ ಬಂದವರಿಗೆ ಕೊಡತಕ್ಕ ಗಂಜಿಯನ್ನು ಕೋಳಿಯ ಮೇಲೆ ಹೊಯ್ದುಕೊಳ್ಳುತ್ತಾರೆ" ಎಂದು ಬರೆದೆವು.

ಗಂಜಿಯೆಂದದ್ದು ತಿಳಿಯದೆ ಆಡಿದ ಮಾತು. ಎರಡನೆಯ ಸಾರಿ ಅದನ್ನು ಮಾಡುವಾಗ ಅಡಿಗೆಯ ಮನೆಯಲ್ಲಿ ನಿಂತು ನೋಡಿದೆವು. ಒಂದು ಪೈಂಟ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 570 ಮಿಲಿಲೀಟರ್ ಕೆನೆ ತೆಗೆಯದ ಹಾಲು. ಒಂದು ದೊಡ್ಡ ನೀರುಳ್ಳಿಯ ಸಿಪ್ಪೆ ಸುಲಿದು, ಅದರ ಮೈಯಲ್ಲೆಲ್ಲಾ ಹತ್ತು ಹನ್ನೆರಡು ಲವಂಗಗಳನ್ನು ಮೊಳೆ ಹೊಡೆದಂತೆ ಚುಚ್ಚುತ್ತಾರೆ. ಲವಂಗ ಹಾಲಿನಲ್ಲಿ ಚೆದರಿ ಹೋಗದೆ ಒಟ್ಟಿಗೆ ಹೊರಗೆ ಬರುವದಕ್ಕೆ ಇದೇ ಉಪಾಯ. ಯಾಕಂದರೆ ತಿನ್ನುವವರ ಹಲ್ಲಿಗೆ ಲವಂಗ ಸಿಕ್ಕಿದರೆ ಆ ದಿನದ ಊಟ ಅಲ್ಲಿಗೆ ಮುಗಿಯಿತು. ಈ ನೀರುಳ್ಳಿ, ಒಂದು ಬೇ ಎಲೆ, ಎಂಟು ಹತ್ತು ಕರಿಮೆಣಸಿನ ಕಾಳು, ಒಂದು ಚೂರು ಜಾಪತ್ರೆ ಇವಿಷ್ಟನ್ನು ಹಾಲಿನಲ್ಲಿ ಹಾಕಿ, ಇನ್ನೇನು ಕುದಿಯಬೇಕು ಎಂಬಷ್ಟರಲ್ಲಿ ಒಲೆಯಿಂದಿಳಿಸಿ, ಮುಚ್ಚಿ, ಒಂದೆರಡು ತಾಸು ಮರೆತುಬಿಡಬೇಕು. ಮರೆಯುವದೇ ಇಲ್ಲಿ ಮುಖ್ಯ ಕೆಲಸ. ಲವಂಗದ ಎಣ್ಣೆ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಇಳಿಯುವ ಪದಾರ್ಥ. ಹಾಲಿನ ಕೆನೆಯೇ ಅದನ್ನು ಹಿಡಿದುಕೊಳ್ಳುವದು. ಅವಸರ ಮಾಡಿ ಹತ್ತು ನಿಮಿಷಕ್ಕೆ ಸೋಸಿದರೆ ಹಾಲು ಹಾಲಾಗಿಯೇ ಉಳಿಯುವದು.

ಬ್ರೆಡ್ಡಿನ ವಿಷಯದಲ್ಲಿ ಟೀಚರರದು ಬಹಳ ಕಟ್ಟುನಿಟ್ಟು. ಎರಡು ದಿವಸದ ಹಿಂದಿನ ಬಿಳಿ ಬ್ರೆಡ್ಡು ಆಗಬೇಕು, ಅಂಚು ಕತ್ತರಿಸಿ ತೆಗೆಯಬೇಕು, ಕೈಯಿಂದ ತಿಕ್ಕಿ ಅಥವಾ ಹೆರೆಮಣೆಯಲ್ಲಿ ಹೆರೆದು ಪುಡಿ ಮಾಡಬೇಕು. ಹೊಸ ಬ್ರೆಡ್ಡಿನ ತೇವದ ಪುಡಿ ಬಿಸಿ ಹಾಲಿಗೆ ಬಿದ್ದೊಡನೆ ಅಂಟಾಗಿ ಪುಸ್ತಕಕ್ಕೆ ಹಚ್ಚುವ ಸರಿಯಂತಾಗುವದು. ಹಳತಾದ ಬ್ರೆಡ್ಡಿನಲ್ಲಿಯಾದರೋ ಪಿಷ್ಟವು ಬಿಗಿದುಕೊಂಡಿರುವದರಿಂದ ಪುಡಿಯು ಹಾಲನ್ನು ಮೆಲ್ಲಗೆ ಹೀರಿ ಉಬ್ಬುತ್ತದೆ, ಕರಗಿ ಹೋಗುವದಿಲ್ಲ. 1961ರಲ್ಲಿ ಚಾರ್ಲಿವುಡ್ ಎಂಬಲ್ಲಿ ಕಂಡುಹಿಡಿದ ಕ್ರಮದಿಂದ ಅಲ್ಲಿನ ಕಾರ್ಖಾನೆಗಳಲ್ಲಿ ಕೆಲವೇ ತಾಸುಗಳಲ್ಲಿ ಮಾಡುವ ಹತ್ತಿಯಂಥ ಬ್ರೆಡ್ಡನ್ನು ಅವರು ಈ ಕೆಲಸಕ್ಕೆ ಮುಟ್ಟುತ್ತಿರಲಿಲ್ಲ. ಅದಕ್ಕೋಸ್ಕರ ಮೇಲಿನ ಬೀದಿಯ ಬೇಕರಿಯ ವರೆಗೆ ನಡೆದುಹೋಗುವರು. ಸೋಸಿದ ಹಾಲಿಗೆ ನೂರು ಗ್ರಾಮಿನಷ್ಟು ಪುಡಿ, ಒಂದು ತುಂಡು ಬೆಣ್ಣೆ, ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಮರದ ಸೌಟಿನಿಂದ ತಿರುವುತ್ತಾ ಹತ್ತು ನಿಮಿಷ ನಿಲ್ಲಬೇಕು. ಕೊನೆಗೆ ಇನ್ನೊಂದು ತುಂಡು ಬೆಣ್ಣೆ, ಎರಡು ಚಮಚ ಕೆನೆ, ಮೇಲೆ ಜಾಯಿಕಾಯಿಯನ್ನು ಹೆರೆದು ಉದುರಿಸುವದು. ಸೌಟನ್ನು ಎತ್ತಿದರೆ ಸಾಸು ಸುರಿಯದೆ, ಉಂಡೆಯಾಗಿಯೂ ನಿಲ್ಲದೆ, ಸೋಮಾರಿಯಂತೆ ಜಾರಬೇಕೆಂದು ಟೀಚರ್ ಹೇಳುತ್ತಿದ್ದರು.

ಇದರ ವಂಶ ಬಹಳ ಹಳೆಯದು. ಸುಮಾರು 1390ರಲ್ಲಿ ಎರಡನೆಯ ರಿಚರ್ಡ್ ಅರಸನ ಅಡಿಗೆಯವರು ಕೂಡಿಸಿದ 'ಫೋರ್ಮ್ ಆಫ್ ಕ್ಯುರಿ' ಎಂಬ ಪಾಕಗ್ರಂಥದಲ್ಲಿ ಸಾರುಗಳನ್ನು ಮಂದ ಮಾಡುವದಕ್ಕೆ ಬ್ರೆಡ್ಡನ್ನು ಉಪಯೋಗಿಸಿದ್ದಾರೆ. ನಾವು ನೆನೆಯಿಟ್ಟ ಅಕ್ಕಿಯನ್ನು ತೆಂಗಿನಕಾಯಿಯೊಂದಿಗೆ ಅರೆದು ಹಾಕುವ ಹಾಗೆಯೇ. 17ನೆಯ ಶತಮಾನದಲ್ಲಿ ಫ್ರಾನ್ಸಿನವರು ಹಿಟ್ಟನ್ನು ಬೆಣ್ಣೆಯಲ್ಲಿ ಹುರಿದು ಮಂದ ಮಾಡುವ ಕ್ರಮವನ್ನು ಹರಡಿದ ಮೇಲೆ ಆ ಹಳೆಯ ಬ್ರೆಡ್ಡಿನ ಸಾಸುಗಳೆಲ್ಲಾ ಮರೆಯಾಗುತ್ತಾ ಬಂದವು. ಇದೊಂದು ಹಟಮಾರಿಯಾಗಿ ಉಳಿಯಿತು. 1861ರಲ್ಲಿ ಬಂದ ಶ್ರೀಮತಿ ಬೀಟನ್ ಅವರ ಗೃಹಕೃತ್ಯದ ಗ್ರಂಥದಲ್ಲಿಯೂ ಇದಕ್ಕೆ ಸ್ಥಳವಿದೆ. ಬಟ್ಟಲಿನ ಮೇಲಿನ ಬಿಳುಪನ್ನು ನೋಡಿ ಇದು ಕೇವಲ ಅವರ ದೇಶದ್ದೆಂದು ತಿಳಿಯಬೇಡಿರಿ. ಲವಂಗ ಮೊಲುಕ್ಕಾ ದ್ವೀಪಗಳದ್ದು. ಜಾಯಿಕಾಯಿ ಜಾಪತ್ರೆಗಳು ಬಹುಕಾಲದ ವರೆಗೆ ಬಾಂದಾ ದ್ವೀಪಗಳಲ್ಲಿ ಮಾತ್ರ ಬೆಳೆಯುತ್ತಿದ್ದವು; ಅಲ್ಲಿನ ರನ್ ಎಂಬ ಅಂಗೈಯಗಲದ ದ್ವೀಪದ ಹಕ್ಕನ್ನು ಇಂಗ್ಲಿಷರು 1667ರ ಬ್ರೆಡಾ ಒಪ್ಪಂದದಲ್ಲಿ ಡಚ್ಚರಿಗೆ ಬಿಟ್ಟುಕೊಟ್ಟರು, ಮ್ಯಾನ್‌ಹ್ಯಾಟನ್ ಇಂಗ್ಲಿಷರ ಪಾಲಿಗೆ ಉಳಿಯಿತು. ಕರಿಮೆಣಸಂತೂ ನಮ್ಮ ಕರಾವಳಿಯದು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆಯುತ್ತಿದ್ದರೆಂದು ನಾವು ಟೀಚರರಿಗೆ ಹೇಳಿದಾಗ, ಅವರು ಹಾಲಿನೊಳಗಿನ ಕಾಳುಗಳ ಕಡೆಗೆ ನೋಡಿ, "ಹಾಗಾದರೆ ಇವರು ನಿಮ್ಮ ಊರಿನವರು" ಎಂದರು.

ಟೀಚರರು ತಮ್ಮ ತಾಯಿಯಿಂದ ಇದನ್ನು ಕಲಿತದ್ದು ಯುದ್ಧಕಾಲದಲ್ಲಿ. 1940ರಲ್ಲಿ ಜರ್ಮನರು ಬ್ರಿಟನಿಯನ್ನೂ ಚಾನಲ್ ದ್ವೀಪಗಳನ್ನೂ ಹಿಡಿದದರಿಂದ ಅಲ್ಲಿಂದ ಬರುತ್ತಿದ್ದ ನೀರುಳ್ಳಿ ನಿಂತುಹೋಯಿತು. ನೀರುಳ್ಳಿಯನ್ನು ಲಾಟರಿಯಲ್ಲಿ ಬಹುಮಾನವಾಗಿ ಇಡುವಷ್ಟು ಅಭಾವ! ಆಗ ಒಂಬತ್ತು ವರ್ಷದವರಾಗಿದ್ದ ಟೀಚರರ ಮನೆಗೆ ಆ ಕ್ರಿಸ್ಮಸಿಗೆ ಹೇಗೋ ಒಂದು ನೀರುಳ್ಳಿ ಸಿಕ್ಕಿತಂತೆ. ತಾಯಿ ಅದಕ್ಕೆ ಲವಂಗ ಚುಚ್ಚಿ ಸಾಸು ಮಾಡಿ, ಹೊರಗೆ ತೆಗೆದು, ಮಾರನೆಯ ದಿವಸ ಅದನ್ನೇ ತಿರುಗಿ ಹಾಲಿಗೆ ಹಾಕಿ ಇನ್ನೊಂದು ಸಾರಿ ಮಾಡಿ, ಮೂರನೆಯ ದಿವಸ ಲವಂಗ ಕಿತ್ತು ಕೊಚ್ಚಿ ಸಾರಿಗೆ ಹಾಕಿದರು. 1942ರಿಂದ ಸರಕಾರದವರು ತೌಡು ಪೂರ್ತಿ ತೆಗೆಯದ 'ನ್ಯಾಶನಲ್ ಲೋಫ್' ಎಂಬ ಬ್ರೆಡ್ಡನ್ನು ಹೊರಡಿಸಿದ ಮೇಲೆ ಸಾಸಿನ ಬಣ್ಣ ಬೂದಿಯಂತಾಯಿತು. ಯುದ್ಧ ಮುಗಿದ ಮೇಲೆ, 1946ರಿಂದ 1948ರ ವರೆಗೆ, ಬ್ರೆಡ್ಡಿಗೇ ರೇಷನ್ ಬಂತು. "ಬೂದಿ ಬಣ್ಣದ್ದಾದರೂ ನಮ್ಮ ತಾಯಿ ಅದನ್ನು ಮೇಜಿಗೆ ತಪ್ಪಿಸಲಿಲ್ಲ" ಎಂದು ಟೀಚರ್ ಹೇಳುವಾಗ ಅವರ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು.

ಆ ವರ್ಷದ ಡಿಸೆಂಬರ್ ಆ ದೇಶದಲ್ಲಿ ನೂರು ವರ್ಷಗಳಲ್ಲಿಯೇ ಅತಿ ಚಳಿಯದಾಗಿತ್ತು. ತಿಂಗಳ ಮೊದಲನೆಯ ವಾರದಲ್ಲಿ ಟೀಚರ್ ಬೇಕರಿಯಿಂದ ಬರುವಾಗ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡರು. ಅವರ ಮಗನು ದಕ್ಷಿಣದಿಂದ ಪ್ರತಿ ರಾತ್ರಿ ಫೋನು ಮಾಡತೊಡಗಿದನು. ತಂದೆ ಹೋದಂದಿನಿಂದಲೂ ಅವನದು ಒಂದೇ ಮಾತು: ಈ ದೊಡ್ಡ ಮನೆಯನ್ನು ಮಾರಿ ತನ್ನ ಊರಿನಲ್ಲಿ ವೃದ್ಧರ ವಸತಿಗೃಹಕ್ಕೆ ಬರಬೇಕು. ಅವನು ಕೆಟ್ಟ ಮಗನಲ್ಲ. ತಾಯಿಯ ಪ್ರಾಣದ ಚಿಂತೆ ಅವನಿಗಿತ್ತು. ಟೀಚರ್ ಮಾತ್ರ, "ಕ್ರಿಸ್ಮಸಿಗೆ ಹೆಂಡತಿ ಮಕ್ಕಳೊಂದಿಗೆ ಇಲ್ಲಿಗೆ ಬಾ. ಊಟ ಮಾಡಿ ನೋಡಿ ಆಮೇಲೆ ಮಾತಾಡು" ಎಂದು ಹೇಳಿ ಫೋನು ಇಟ್ಟರು. ಅನಂತರ ನಮ್ಮ ಕಡೆಗೆ ತಿರುಗಿ, "ಮಗಳೇ, ನಿನ್ನ ಎರಡು ಕೈಗಳನ್ನು ಒಂದು ದಿವಸಕ್ಕೆ ಕಡ ಕೊಡುವೆಯಾ?" ಎಂದು ಕೇಳಿದರು.

ಕ್ರಿಸ್ಮಸ್ ಶನಿವಾರ ಬಂತು. ಟೀಚರ್ ಅಡಿಗೆಯ ಮನೆಯ ಮೂಲೆಯಲ್ಲಿ ಕುರ್ಚಿಯ ಮೇಲೆ, ಬಲಗೈಯನ್ನು ಜೋಲಿಯಲ್ಲಿಟ್ಟು, ಎಡಗೈಯಲ್ಲಿ ಗಡಿಯಾರ ಹಿಡಿದು ಕೂತರು. ನಾವು ಅವರು ಹೇಳಿದಂತೆ ನಡೆದೆವು. ಐದು ಕಿಲೋ ತೂಕದ ಟರ್ಕಿಯನ್ನು ಗೂಡಿಗೆ ನೂಕಿದೆವು, ಉರುಳುಗಡ್ಡೆ ಸುಲಿದೆವು, ಗೋಲಿಯಷ್ಟಿರುವ ಬ್ರಸೆಲ್ಸಿನ ಕೋಸುಗಳ ಬುಡ ಕೊಯ್ದೆವು. ಸಾಸಿನ ಹಾಲು ಬೆಳಿಗ್ಗೆಯಿಂದಲೂ ಮುಚ್ಚಿಕೊಂಡು ತನ್ನ ಪಾಡಿಗೆ ತಾನಿತ್ತು. ಹನ್ನೆರಡು ಗಂಟೆಗೆ ಸೋಸಿ, ನೀರುಳ್ಳಿಯನ್ನು ಒಂದು ತಟ್ಟೆಯಲ್ಲಿ ತೆಗೆದಿಟ್ಟು, ಪುಡಿ ಹಾಕಿ ತಿರುವುತ್ತಿರುವಾಗ ಹೊರಗೆ ಕಾರು ನಿಂತ ಸದ್ದಾಯಿತು. ಟೀಚರ್ ಎದ್ದು ಬಾಗಿಲಿಗೆ ಹೋದರು. ಹಿಮದಲ್ಲಿ ಇಳಿಯುವ ಆ ಎರಡು ಮಕ್ಕಳನ್ನು ನೋಡಬೇಕೆಂಬ ಆಸೆಯಿಂದ ನಾವು ಒಲೆಯನ್ನು ಆರಿಸಿ ಕಿಟಕಿಯ ಹತ್ತಿರ ಹೋದೆವು. ವಿದ್ಯುತ್ತಿನ ಒಲೆ ಆರಿಸಿದ ಮೇಲೂ ಬಹಳ ಹೊತ್ತು ಕಾದೇ ಇರುತ್ತದೆಂಬದನ್ನು ಮೂರು ತಿಂಗಳಿನಿಂದ ಕಂಡಿದ್ದರೂ ಆ ಕ್ಷಣದಲ್ಲಿ ಮರೆತೆವು. ತಿರುಗಿ ಬಂದು ಸೌಟು ಹಾಕಿದರೆ ತಳದಿಂದ ಕಂದುಬಣ್ಣದ ಚಕ್ಕೆ ಎದ್ದಿತು.

ಆಗ ನಾವು ಮಾಡಿದ್ದನ್ನು ಈ ಶಾಲೆಯ ಹುಡುಗಿಯರ ಮುಂದೆ ಬರೆಯುವದು ಸುಲಭವಲ್ಲ. ಮೇಲಿನ ಭಾಗವನ್ನು ಮೆಲ್ಲಗೆ ಬೇರೆ ಪಾತ್ರೆಗೆ ಹೊಯ್ದೆವು. ಸೀದ ಪಾತ್ರೆಯನ್ನು ತೊಟ್ಟಿಯಲ್ಲಿಟ್ಟು ನೀರು ತುಂಬಿಸಿದೆವು. ವಾಸನೆ ಮುಚ್ಚಲಿಕ್ಕೆ ಜಾಯಿಕಾಯಿಯನ್ನು ಅಳತೆ ಮೀರಿ ಹೆರೆದೆವು. ಟೀಚರ್ ಒಳಗೆ ಬಂದು, "ಅಡಿ ಹಿಡಿಯಲಿಲ್ಲವಷ್ಟೆ?" ಎಂದು ಕೇಳಿದರು. "ಇಲ್ಲ ಟೀಚರ್" ಎಂದೆವು. ಎಷ್ಟೋ ಹುಡುಗಿಯರು ನಮ್ಮ ಮೇಜಿನ ಮುಂದೆ ನಿಂತು ಇಂಥದೇ ಸ್ವರದಲ್ಲಿ "ಇಲ್ಲ ಟೀಚರ್" ಎಂದದ್ದನ್ನು ಅನಂತರದ ವರುಷಗಳಲ್ಲಿ ಕೇಳಿದ್ದೇವೆ. ಆ ಸ್ವರದ ಗುರುತು ನಮಗೆ ಚೆನ್ನಾಗಿ ಉಂಟು.

ಅವರು ಚಮಚ ತೆಗೆದುಕೊಂಡು ರುಚಿ ನೋಡಿದರು. ಏನೂ ಹೇಳಲಿಲ್ಲ. ತೊಟ್ಟಿಯ ಕಡೆಗೆ ಒಮ್ಮೆ ನೋಡಿದರು. ಪಕ್ಕದ ಕೋಣೆಯಲ್ಲಿ ಮಗ ಸೊಸೆ ಮಾತಾಡುತ್ತಿದ್ದದರಿಂದ ತಗ್ಗಿದ ಸ್ವರದಲ್ಲಿ, "ಹಾಲು ಎಷ್ಟು ಉಳಿದಿದೆ?" ಎಂದು ಮಾತ್ರ ಕೇಳಿದರು. ಒಂದು ಲೋಟದಷ್ಟೂ ಇರಲಿಲ್ಲ. ಆ ದೇಶದಲ್ಲಿ ಕ್ರಿಸ್ಮಸ್ ದಿವಸ ದೊಡ್ಡ ಅಂಗಡಿಗಳನ್ನು ತೆರೆಯಕೂಡದೆಂದು 2004ರ ಕಾಯಿದೆ ಇದೆ; ಆ ಬೀದಿಯಲ್ಲಿ ಚಿಕ್ಕ ಅಂಗಡಿಗಳೂ ಮುಚ್ಚಿದ್ದವು. ನಾವು ಹಿಂದಿನ ಬಾಗಿಲಿನಿಂದ ಹೊರಟು, ಹಿಮದಲ್ಲಿ ಕಾಲು ಹೂತುಕೊಳ್ಳುತ್ತಾ ನೆರೆಮನೆಗೆ ಹೋಗಿ ಬಾಗಿಲು ತಟ್ಟಿದೆವು. ತಲೆಯ ಮೇಲೆ ಕೆಂಪು ಕಾಗದದ ಕಿರೀಟವನ್ನಿಟ್ಟುಕೊಂಡಿದ್ದ ಆ ಮನೆಯ ಯಜಮಾನರು ಏನೂ ಕೇಳದೆ ಒಂದು ಬಾಟಲಿ ಹಾಲು ಕೊಟ್ಟರು. ಅದು ಹಸುರು ಮುಚ್ಚಳದ್ದು, ಅಂದರೆ ಅರ್ಧ ಕೆನೆ ತೆಗೆದದ್ದು. ಇರಲಿ, ಪುಡಿಂಗಿಗಾಗಿ ಇಟ್ಟಿದ್ದ ಕೆನೆಯಲ್ಲಿ ಅರ್ಧ ಬಟ್ಟಲು ಅದಕ್ಕೆ ಸೇರಿಸಿದೆವು. ಹೊಸ ನೀರುಳ್ಳಿಗೆ ಲವಂಗ ಚುಚ್ಚಲು ಹೊರಟಾಗ ಟೀಚರ್ ಬೇಡವೆಂದು ತಲೆಯಾಡಿಸಿ, ತಟ್ಟೆಯಲ್ಲಿದ್ದ ಹಳೆಯ ನೀರುಳ್ಳಿಯನ್ನು ಎಡಗೈಯಿಂದ ಎತ್ತಿ ತಾವೇ ಹಾಲಿಗೆ ಹಾಕಿದರು. ಬೆಂದು ಮೆತ್ತಗಾಗಿದ್ದ ಅದು ಹೊಸದಕ್ಕಿಂತ ಬೇಗನೆ ತನ್ನ ರಸವನ್ನು ಬಿಟ್ಟಿತು. ಮುಕ್ಕಾಲು ತಾಸಿನಲ್ಲಿ ಹಾಲು ಪರಿಮಳವಾಯಿತು. ಈ ಸಾರಿ ಪಾತ್ರೆಯಿಂದ ನಾವು ಕಣ್ಣು ತೆಗೆಯಲಿಲ್ಲ, ಮಕ್ಕಳು ಬಂದು ನಮ್ಮ ಸೀರೆಯ ಸೆರಗನ್ನು ಮುಟ್ಟಿ ನೋಡಿದರೂ ತಿರುಗಲಿಲ್ಲ.

ಎರಡು ಗಂಟೆಗೆ ಊಟಕ್ಕೆ ಕೂತೆವು. ಟರ್ಕಿಯ ಎದೆಯ ಮಾಂಸ ಬಹಳ ಒಣಕಲಾದ ಪದಾರ್ಥ, ಅದರ ಜೊತೆಗೆ ಈ ಬಿಸಿಯಾದ ಮೆತ್ತನೆಯ ಸಾಸು ಯಾಕೆ ಬೇಕೆಂಬದು ನಮಗೆ ಆ ದಿವಸ ತಿಳಿಯಿತು. ಮಗನು ಎರಡನೆಯ ಸಾರಿ ಬಟ್ಟಲನ್ನು ಎಳೆದುಕೊಂಡು, "ಅಮ್ಮಾ, ಇದು ಯಾವಾಗಿನಂತೆಯೇ ಇದೆ" ಎಂದನು. ಟೀಚರ್, "ಕೈ ಇವಳದು" ಎಂದು ನಮ್ಮ ಕಡೆಗೆ ತೋರಿಸಿದರು. ನಮಗೆ ತುತ್ತು ಇಳಿಯಲಿಲ್ಲ. ಆ ದಿವಸ ಮನೆಯನ್ನು ಮಾರುವ ಮಾತು ಬರಲಿಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ ನಾವು ಪಾತ್ರೆ ತೊಳೆಯುತ್ತಿದ್ದೆವು. ಅವರು ಎಡಗೈಯಲ್ಲಿ ಚಮಚಗಳನ್ನು ಒರಸುತ್ತಿದ್ದರು. ಸೀದ ಪಾತ್ರೆ ಕೈಗೆ ಬಂದಾಗ ಇನ್ನು ತಡೆಯಲಾರದೆ, "ಟೀಚರ್, ಸುಳ್ಳು ಹೇಳಿದೆವು" ಎಂದೆವು. ಅವರು ಚಮಚವನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟು, "ಹಾಲು ಎಲ್ಲರ ಕೈಯಲ್ಲಿಯೂ ಸೀಯುತ್ತದೆ. ನನಗೆ ಬೇಸರವಾದದ್ದು ಅದಕ್ಕಲ್ಲ. ಈ ಮುದುಕಿಗೆ ವಾಸನೆ ತಿಳಿಯದೆಂದು ನೀನೂ ಎಣಿಸಿದೆಯಲ್ಲಾ, ಅದಕ್ಕೆ" ಎಂದರು. ಆ 'ನೀನೂ' ಎಂಬ ಶಬ್ದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ, ಸೀದ ತಳಕ್ಕೆ ಅಡಿಗೆಸೋಡ ಹಾಕಿ ನೀರು ಕುದಿಸಿದರೆ ಸುಲಭವಾಗಿ ಏಳುವದೆಂದು ಹೇಳಿಕೊಟ್ಟರು.

ಮನೆಯನ್ನು 2012ರ ವಸಂತದಲ್ಲಿ ಮಾರಿದರು. ಎರಡನೆಯ ಸಾರಿ ಬಿದ್ದ ಮೇಲೆ ಬೇರೆ ದಾರಿಯಿರಲಿಲ್ಲ. ಸಾಮಾನುಗಳನ್ನು ಹಂಚುವಾಗ ತಮ್ಮ ತಾಯಿಯ ಜಾಯಿಕಾಯಿ ಹೆರೆಯುವ ಚಿಕ್ಕ ತಗಡಿನ ಹೆರೆಮಣೆಯನ್ನು ಅಂಚೆಯಲ್ಲಿ ನಮಗೆ ಕಳುಹಿಸಿದರು. ಜೊತೆಯ ಪತ್ರದಲ್ಲಿ, ಹೊಸ ಸ್ಥಳದಲ್ಲಿ ಬ್ರೆಡ್ಡಿನ ಸಾಸನ್ನು ಪೊಟ್ಟಣದ ಪುಡಿಯಿಂದ ಮಾಡುತ್ತಾರೆಂದೂ, ತಾವು ಅದನ್ನು ಮರ್ಯಾದೆಗಾಗಿ ತಿನ್ನುವದೆಂದೂ ಬರೆದಿದ್ದರು. ನಾವು ನಮ್ಮ ಹಿತ್ತಲಿನ ಕರಿಮೆಣಸನ್ನು ಒಂದು ಚೀಲದಲ್ಲಿ ಕಳುಹಿಸಿದೆವು. ಅಲ್ಲಿ ಅದರಿಂದ ಏನು ಮಾಡಿದರೋ! ಅವರು ತೀರಿಹೋಗಿ ಈಗ ಎಂಟು ವರ್ಷವಾಯಿತು.

ಇಲ್ಲಿ ನಮ್ಮ ಮನೆಯಲ್ಲಿ ಈ ಸಾಸು ಮೊದಲೆರಡು ಸಾರಿ ಕೆಟ್ಟಿತು. ಬೇ ಎಲೆಯೆಂದು ಅಂಗಡಿಯವನು ಕೊಟ್ಟದ್ದು ನಮ್ಮ ಪಲಾವಿಗೆ ಹಾಕುವ, ಉದ್ದಕ್ಕೆ ಮೂರು ನರಗಳಿರುವ ಎಲೆ. ಅದು ದಾಲ್ಚಿನ್ನಿಯ ಜಾತಿಯದಾದದರಿಂದ ಸಾಸು ಪಾಯಸದ ಪರಿಮಳ ಬೀರಿತು. ನಡುವೆ ಒಂದೇ ನರವಿರುವ ಇಂಗ್ಲಿಷ್ ಬೇ ಎಲೆ ಸಿಕ್ಕದಿದ್ದರೆ ಬಿಟ್ಟುಬಿಡುವದೇ ಒಳ್ಳೆಯದು. ಎರಡನೆಯ ಸಾರಿ, ಕರಾವಳಿಯ ಗಾಳಿಯಲ್ಲಿ ಎರಡು ದಿವಸ ಇಟ್ಟ ಬ್ರೆಡ್ಡು ಒಣಗುವ ಬದಲು ಬೂಸಲು ಹಿಡಿಯಿತು. ಅಂಗಡಿಯ ಬ್ರೆಡ್ಡಿನಲ್ಲಿ ಸಕ್ಕರೆಯೂ ಹೆಚ್ಚು. ಈಗ ಸಕ್ಕರೆ ಕಡಿಮೆಯಿರುವ ಪಾವನ್ನು ತಂದು, ಅಂಚು ತೆಗೆದು, ಬಿಸಿಲಿನಲ್ಲಿ ಬಟ್ಟೆ ಮುಚ್ಚಿ ಒಣಗಿಸುತ್ತೇವೆ. ಬೋರ್ಡಿಂಗಿನ ಅಡಿಗೆಯಮ್ಮನು ರುಚಿ ನೋಡಿ, "ಪಾಪ, ಇದಕ್ಕೊಂದು ಒಗ್ಗರಣೆ ಕೊಟ್ಟಿದ್ದರೆ ಬದುಕುತ್ತಿತ್ತು" ಎಂದಳು. ಊರಕೋಳಿಯೊಂದಿಗೆ ಬಡಿಸಿದ ಮೇಲೆ ಅವಳೇ ಎರಡನೆಯ ಸಾರಿ ಹಾಕಿಸಿಕೊಂಡದ್ದನ್ನು ನಾವು ಕಂಡೆವು. ಆದರೆ ಒಗ್ಗರಣೆಯ ವಿಷಯದಲ್ಲಿ ಅವಳ ಅಭಿಪ್ರಾಯ ಬದಲಾಗಿಲ್ಲ.

ಈ ಡಿಸೆಂಬರಿನಲ್ಲಿ ಮಾಡಿ ನೋಡಲು ಇಷ್ಟಪಡುವ ಹುಡುಗಿಯರು ಹೆರೆಮಣೆಯನ್ನು ಕೇಳಿ ತೆಗೆದುಕೊಂಡು ಹೋಗಬಹುದು. ನಮ್ಮ ಮೇಜಿನ ಎಡಗಡೆಯ ಖಾನೆಯಲ್ಲಿದೆ. ಉಪಯೋಗಿಸಿದ ಮೇಲೆ ಒಣ ಬಟ್ಟೆಯಿಂದ ಒರಸಿ ತಂದಿಡತಕ್ಕದ್ದು. ನೀರಿನಲ್ಲಿ ತೊಳೆದರೆ ತುಕ್ಕು ಹಿಡಿಯುವದು.